ಓಣಿಯ ಸುಳ್ಳು ಹರಕೆ

ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು. ದಿನಕರ್ಮ ಮುಗಿಯುವ ತನಕ ಓಣಿಯವರೇ ಬುತ್ತಿ ಕಟ್ಟಿ ತಂದುಕೊಡುತ್ತಾರೆ. ಮುಗಿದ ಮೇಲೆ ಮಾತ್ರ ತರಬಾರದು. ತಂದರೆ ಇನ್ನೊಂದು ಸಾವನ್ನು ಕರೆದಂತೆ ಎಂದು ನಮ್ಮ ಓಣಿಯ ನಂಬಿಕೆ. ಯಾವ ಪುಣ್ಯಾತ್ಮ ಮಾಡಿದ ಶಾಸ್ತ್ರವೋ ಏನೋ, ಅವನ ಮನೆಯಲ್ಲಿ ಹಸಿದ ಮಕ್ಕಳು ಇರಲಿಲ್ಲವೆಂದು ಕಾಣುತ್ತದೆ.

ಆಗ ಇನ್ನೂ ಇಂಗ್ಲಿಷರ ರಾಜ್ಯ. ಗೋಕಾಕ ಫಾಲ್ಸಿನ ಗಿರಣಿಯವರ ಸಾಲುಮನೆಗಳ ಚಾಳಿನಲ್ಲಿ ನಮ್ಮದೊಂದು ಖೋಲಿ. ಅಪ್ಪನಿಗೆ ಗಿರಣಿಯಲ್ಲಿ ನೂಲು ತೆಗೆಯುವ ಕೆಲಸ. ನನಗೆ ಎಂಟು ವರ್ಷ, ತಮ್ಮನಿಗೆ ನಾಲ್ಕು. ತಂಗಿ ಹುಟ್ಟಿ ಎಂಟು ದಿನಕ್ಕೆ ಅವ್ವ ಬಾಣಂತಿ ಸನ್ನಿಯಲ್ಲಿ ಹೋದಳು. ದಡ್ಡಿ ಎಂಬ ಊರಿನಲ್ಲಿದ್ದ ಅವ್ವನ ತವರನ್ನು ಹಿಂದೆಯೇ ಪ್ಲೇಗು ಬಳಿದುಕೊಂಡು ಹೋಗಿತ್ತು. ಅಪ್ಪನ ಕಡೆಯೂ ಕರೆದರೆ ಬರುವವರು ಯಾರೂ ಇರಲಿಲ್ಲ.

ದಿನಕರ್ಮ ಮುಗಿದ ಮಾರನೆಯ ದಿನ ಎದುರು ಖೋಲಿಯ ಆಯಿ ರೊಟ್ಟಿ ತಂದಳು. ಚಾಳಿಗೆಲ್ಲ ಹಿರಿಯಳು ಅವಳೇ. ಅಪ್ಪ ಬಾಗಿಲಲ್ಲೇ ತಡೆದ.

"ಸಾಕ್ರೀ ಆಯಿ. ಇನ್ನ ಬುತ್ತಿ ತರಬ್ಯಾಡ್ರಿ. ಮನ್ಯಾಗ ಇನ್ನೂ ಮೂರು ಜೀವ ಅದಾವು."

ಆಯಿ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಹೋದಳು. ಮಕ್ಕಳ ಮುಖ ನೋಡಿ ತಂದಿದ್ದಳೇ ಹೊರತು ಅವಳಿಗೂ ಅದೇ ಹೆದರಿಕೆ ಇತ್ತಲ್ಲ! ಆವತ್ತಿನಿಂದ ಯಾರೂ ಬರಲಿಲ್ಲ. ನಮ್ಮ ಒಳ್ಳೆಯದಕ್ಕೆಂದೇ ಎಲ್ಲರೂ ದೂರ ನಿಂತರು.

ಹದಿನೈದು ದಿನ ಮನೆ ನನ್ನ ಕೈಯಲ್ಲಿತ್ತು. ಅಪ್ಪ ರೊಟ್ಟಿ ಬಡಿದಿಟ್ಟು ಪಾಳಿಗೆ ಹೋಗುತ್ತಿದ್ದ. ಒಂದು ಮಗ್ಗುಲು ಸುಟ್ಟಿರುತ್ತಿತ್ತು, ಇನ್ನೊಂದು ಹಸಿ. ನಾನು ಆಡಿನ ಹಾಲಿಗೆ ನೀರು ಬೆರೆಸಿ, ಅರಿವೆಯ ಚುಂಗು ಅದ್ದಿ ತಂಗಿಯ ಬಾಯಿಗೆ ಹಿಡಿಯುತ್ತಿದ್ದೆ. ಹಾಲು ಕಡಿಮೆಯಾದಾಗ ನೀರು ಹೆಚ್ಚು ಮಾಡಿದೆ. ಎಂಟು ವರ್ಷದ ಬುದ್ಧಿ ಅಷ್ಟೇ. ಕೂಸು ದಿನದಿಂದ ದಿನಕ್ಕೆ ಸಣ್ಣಗಾಯಿತು, ಅಳುವುದೂ ಕಡಿಮೆಯಾಯಿತು. ಅಳು ನಿಂತದ್ದಕ್ಕೆ ನಾನು ಖುಷಿಪಟ್ಟಿದ್ದೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ಹದಿನಾರನೆಯ ದಿನ ಅಪ್ಪ ಕೂಸನ್ನು ಅವ್ವನ ಸೀರೆಯಲ್ಲಿ ಸುತ್ತಿಕೊಂಡು ಹೊರಬಿದ್ದ. ಆಯಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೂತಿದ್ದಳು.

"ಎಲ್ಲಿಗಿ ಹೊಂಟಿಯೋ ಮಗನ?"

"ಬೆಳಗಾವಿಗ್ರಿ. ಅನಾಥಾಶ್ರಮಕ್ಕ ಬಿಟ್ಟ ಬರ್ತೀನಿ. ಪಗಾರ ಆದಮ್ಯಾಲ ಇವೆರಡನ್ನೂ ಒಯ್ತೀನಿ. ನನ್ನ ಕೈಲಿ ಆಗವಲ್ದು."

ಆಯಿ ಕಾಳಿನ ಮೊರ ಕೆಳಗಿಟ್ಟು ಎದ್ದಳು. ಆ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಅವಳ ಖೋಲಿಯಲ್ಲಿ ಸೇರಿ ಬಾಗಿಲು ಹಾಕಿಕೊಂಡರು. ನಾನು ತಮ್ಮನ ಕೈ ಹಿಡಿದುಕೊಂಡು ಹೊರಗೇ ಕೂತಿದ್ದೆ. ಒಳಗೆ ಒಬ್ಬರನ್ನೊಬ್ಬರು ಬೈಯುವುದು ಕೇಳುತ್ತಿತ್ತು.

ಮರುದಿನದಿಂದ ನಮ್ಮ ಚಾಳಿಗೆ ಎಲ್ಲಿಲ್ಲದ ಭಕ್ತಿ ಬಂತು. ಬೆಳಿಗ್ಗೆ ಬಾಜೂ ಖೋಲಿಯ ಜೈನರ ಹೆಂಗಸು, ನಾವು ಕಾಕು ಎನ್ನುತ್ತಿದ್ದವಳು, ಬಂದು ಅಪ್ಪನ ಮುಂದೆ ಕೈಮುಗಿದು ನಿಂತಳು. "ನಮ್ಮನಿಯವರ ಮೊಣಕಾಲ ನೋವಿಗೆ ಪದ್ಮಾವತಿಗೆ ಹರಕಿ ಹೊತ್ತೇನ್ರಿ. ಎರಡು ಮಕ್ಕಳಿಗೆ ಉಣಸಬೇಕು. ಇಲ್ಲ ಅನಬ್ಯಾಡ್ರಿ." ಅವಳ ಗಂಡನ ಮೊಣಕಾಲು ಕಲ್ಲಿನಂತೆ ಗಟ್ಟಿಯಾಗಿತ್ತು. ಅದರ ಮರುದಿನ ಆಯಿಯದು, ಬಸವಣ್ಣನಿಗೆ. ಆಮೇಲೆ ಎಲ್ಲಮ್ಮನಿಗೆ ಇನ್ನೊಬ್ಬಳದು. ಬುತ್ತಿಯನ್ನು ಬೇಡವೆನ್ನಬಹುದು, ಇನ್ನೊಬ್ಬರ ಹರಕೆಯನ್ನು ಬೇಡವೆಂದು ಪಾಪ ಕಟ್ಟಿಕೊಳ್ಳುವವರು ಯಾರು? ಅಪ್ಪ ಸುಮ್ಮನೆ ತಲೆಯಾಡಿಸಿದ. ಅಷ್ಟೇ ಅಲ್ಲ, ಆಯಿ ಒಂದು ಹೊಸ ಶಾಸ್ತ್ರವನ್ನೇ ಹುಟ್ಟಿಸಿದಳು.

"ಹರಕಿ ಕೂಸು ಗಿರಣಿ ಭೋಂಗಾ ಆಗೂತನಾ ಹೊಸ್ತಿಲಾ ದಾಟಬಾರದು!"

ಹೀಗೆ ಅಪ್ಪನ ಪಾಳಿ ಮುಗಿದು ಭೋಂಗಾ ಕೂಗುವ ತನಕ ನಾವು ಯಾವುದಾದರೊಂದು ಮನೆಯಲ್ಲಿ ಇರುತ್ತಿದ್ದೆವು. ಕಾಕುವಿನ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು; ತಮ್ಮ ಮಲಗುವ ಹೊತ್ತಿಗೆ ಮತ್ತೆ ಹಸಿವೆಂದು ರಂಪ ಮಾಡುತ್ತಿದ್ದ. ಒಬ್ಬಳು ನನ್ನ ತಲೆಯ ಹೇನು ತೆಗೆದಳು, ಒಬ್ಬಳು ತಮ್ಮನಿಗೆ ಅಂಗಿ ಹೊಲಿದಳು. ಪಗಾರದ ದಿನ ಬಂತು, ಹೋಯಿತು. ಅಪ್ಪ ಬೆಳಗಾವಿಯ ಮಾತೆತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಆಯಿಯೇ ಅವನಿಗೆ ಹೇಳಿದಳು. "ಕೂಸಿನ್ನ ತಗೊಂಡ ಬಾ ಹೋಗು. ಓಣ್ಯಾಗ ಹಾಲಿದ್ದ ಬಾಣಂತಿ ಒಬ್ಬಾಕಿ ಬಂದಾಳ."

ಅಪ್ಪ ಹೊಸ ಕುಲಾವಿ ಕೊಂಡು ಹೋದ. ಬರಿಗೈಯಲ್ಲಿ ಬಂದ. ತಂಗಿ ಅಲ್ಲಿಗೆ ಹೋದ ಒಂಬತ್ತನೆಯ ದಿನಕ್ಕೇ ತೀರಿಕೊಂಡಿದ್ದಳು. ಒಯ್ಯುವಾಗಲೇ ಅವಳಲ್ಲಿ ಏನೂ ಉಳಿದಿರಲಿಲ್ಲವಂತೆ.

ಆಯಿ ನಮ್ಮ ಖೋಲಿಗೆ ಬಂದು ಗೋಡೆಗೆ ಒರಗಿ ಕೂತಳು. ಅಪ್ಪ ಅವಳ ಎದುರು ಕೂತ.

"ನಿಮ್ಮ ಹರಕಿ ಎಲ್ಲಾ ಸುಳ್ಳಂತ ನನಗ ಮೊದಲನೇ ದಿನಾನ ಗೊತ್ತಾಗಿತ್ರಿ ಆಯಿ."

"ಗೊತ್ತಿದ್ದೂ ಸುಮ್ಮನಿದ್ದ್ಯಾ?"

"ಇದ್ದೆ. ಹದಿನೈದು ದಿನ ಮೊದಲ ಸುಳ್ಳ ಹೇಳಿದ್ರ ಮೂರೂ ಉಳೀತಿದ್ದೂ."

ಆಯಿ ಎದೆ ಎದೆ ಬಡಿದುಕೊಂಡು ಅತ್ತಳು. ಅಪ್ಪ ಅವಳನ್ನು ಸಮಾಧಾನ ಮಾಡಲಿಲ್ಲ. ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲಿಕ್ಕೂ ಅವನ ಹತ್ತಿರ ಏನೂ ಇರಲಿಲ್ಲ.

ಅವ್ವ ಸತ್ತ ಗದ್ದಲದಲ್ಲಿ ನಾವು ತಂಗಿಯನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟಿರಲಿಲ್ಲ. ನಾನು ಕೇಳಿದೆ. "ಅಪ್ಪಾ, ಅಲ್ಲಿ ಆಕಿಗೆ ಏನಂತ ಹೆಸರಿಟ್ಟಿದ್ರು?"

ಅಪ್ಪ ಕೇಳಿಕೊಂಡು ಬಂದಿರಲಿಲ್ಲ.