ಹನ್ನೆರಡು ಮಾತ್ರೆಯ ಮೌನ

ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸುತ್ತ ಇಪ್ಪತ್ತು ವರ್ಷವಾಯಿತು. ಪಾಠ ಮುಗಿದ ಮೇಲೆ ಹೊಸ ವಾದ್ಯರಚನೆಗಳನ್ನು ಬರೆಯುತ್ತೇನೆ. ಸಿತಾರ, ವಾಯಲಿನ್, ಕೊಳಲು, ತಬಲಾ ಇರುತ್ತವೆ, ಹಾಡುವವರು ಇರುವುದಿಲ್ಲ. ಕೇಳುವವರೂ ಅಷ್ಟಕ್ಕಷ್ಟೆ.

ಮುನವಳ್ಳಿಯಲ್ಲಿ ಬಟ್ಟೆ ಹೊಲಿಯುವ ನನ್ನ ಅಪ್ಪನಿಗೆ ಇದೂ ಒಂದು ಕೆಲಸ ಅಂತ ಅನ್ನಿಸಿರಲೇ ಇಲ್ಲ. ಆತ ಸೋಮವಾರದ ಭಜನಾ ಮೇಳದಲ್ಲಿ ತಬಲಾ ಬಾರಿಸುವವ. ನನ್ನ ರಚನೆಯೊಂದನ್ನು ಮೊಬೈಲಿನಲ್ಲಿ ಕೇಳಿಸಿದಾಗ ಪೂರ್ತಿ ಕೇಳಿ, "ವಾದ್ಯಕ್ಕ ಸೂರ ಛಲೋ ಹಚ್ಚ್ಯಾರ. ಹಾಡು ಯಾವಾಗ ಚಾಲೂ ಆಗತೈತಿ?" ಅಂದ. ಆಮೇಲೆ ಎಷ್ಟು ಕರೆದರೂ ಒಂದು ಕಾರ್ಯಕ್ರಮಕ್ಕೂ ಬರಲಿಲ್ಲ. ವಿಮರ್ಶಕರು ಬೈದರೆ ನನಗೆ ಏನೂ ಆಗುವುದಿಲ್ಲ. ಈ ಮನುಷ್ಯ ಒಮ್ಮೆ ಬಂದು ಕೂತು ಕೇಳಲಿ ಅನ್ನುವುದೊಂದೇ ಆಸೆ.

ನಾನು ತಾಳ ಕಲಿತದ್ದು ಆತನಿಂದಲೇ, ಅದೂ ಕಾಲು ನೋಡಿ. ಗುಂಡಿ ಹಚ್ಚುವಾಗ ಬಾಯಲ್ಲಿ ದಾರ, ಕೈಯಲ್ಲಿ ಸೂಜಿ, ತಾಳದ ಲೆಕ್ಕವೆಲ್ಲ ಬಲಗಾಲಿಗೆ. ತಾಳದ ಒಂದು ಸುತ್ತಾದ ಆವರ್ತನದ ಕೊನೆಯ ಮಾತ್ರೆಗೆ, ಕೊನೆಯ ಎಣಿಕೆಗೆ, ಎಡಗಾಲನ್ನೂ ಎತ್ತಿ, ಸಮಕ್ಕೆ, ಅಂದರೆ ತಾಳ ಮತ್ತೆ ಶುರುವಾಗುವ ಮೊದಲ ಮಾತ್ರೆಗೆ, ಎರಡೂ ಪಾದ ನೆಲಕ್ಕೆ ಒತ್ತುತ್ತಿದ್ದ.

ಹೋದ ವರ್ಷ ಬೈಲಹೊಂಗಲದಲ್ಲಿ ನನ್ನ ಹೊಸ ರಚನೆಯಿತ್ತು. ಅಪ್ಪ ಬಂದ. "ಅಸ್ತರದ ಬಟ್ಟಿ ತರೂದಿತ್ತು, ಹಂಗ ಬಂದೆ," ಅಂದ. ಮುಂದಿನ ಸಾಲಿನಲ್ಲಿ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಆ ರಚನೆಯ ನಡುವೆ ನಿಧಾನ ಏಕತಾಲದ ಒಂದು ಆವರ್ತನ, ಹನ್ನೆರಡು ಮಾತ್ರೆ, ಪೂರ್ತಿ ಮೌನ. ಮುಕ್ಕಾಲು ನಿಮಿಷ ಯಾರೂ ಏನೂ ನುಡಿಸುವುದಿಲ್ಲ. ಆಮೇಲೆ ನಾಲ್ವರೂ ಸಮಕ್ಕೆ ಒಟ್ಟಿಗೆ ಬರಬೇಕು. ನುಡಿಸುವವರು ನನ್ನ ವಿದ್ಯಾರ್ಥಿಗಳು. ನಿಮ್ಮ ಎಣಿಕೆ ನಂಬಬೇಡಿ, ನನ್ನ ಕೈ ನೋಡಿ ಅಂತ ಬಡಕೊಂಡು ಬಡಕೊಂಡು ಹೇಳಿದ್ದೆ. ಅವರ ನಡುವೆ ಸಭೆಯ ಕಡೆ ಮುಖ ಮಾಡಿ ನಾನು ಕೂತಿದ್ದೆ.

ನಮ್ಮ ಕಡೆ ವಾದ್ಯ ನಿಂತಿತು ಅಂದರೆ ಇನ್ನು ಸತ್ಕಾರ ಅಂತಲೇ ಅರ್ಥ. ಇದು ನನಗೆ ಗೊತ್ತಿರಬೇಕಿತ್ತು. ಮೂರನೆಯ ಮಾತ್ರೆಗೆ ಚಪ್ಪಾಳೆ ಬಿತ್ತು. ನಾಲ್ಕಕ್ಕೆ ಕಾರ್ಯಕ್ರಮ ಇಟ್ಟ ಸಂಘದ ಅಧ್ಯಕ್ಷರು ವೇದಿಕೆ ಏರಿದರು. "ಏಳಬ್ಯಾಡ್ರಿ ಸರ, ಅಲ್ಲೇ ಕುಂದರ್ರಿ," ಎನ್ನುತ್ತ ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಹಣ್ಣಿನ ಬುಟ್ಟಿಯನ್ನು ನನ್ನ ಎರಡೂ ಕೈಗೆ ಕೊಟ್ಟು ಫೋಟೋದವನ ಕಡೆ ತಿರುಗಿದರು.

ಎಣಿಕೆ ಹೋಯಿತು. ಏಳೋ ಎಂಟೋ, ದೇವರೇ ಬಲ್ಲ. ನಾಲ್ವರೂ ನನ್ನ ಕೈಯನ್ನೇ, ಅಂದರೆ ಹಣ್ಣಿನ ಬುಟ್ಟಿಯನ್ನೇ, ನೋಡುತ್ತಿದ್ದರು. ಇಪ್ಪತ್ತು ವರ್ಷಕ್ಕೆ ಒಂದು ಸಲ ಬಂದವನ ಎದುರು ಮಾನ ಹೋಯಿತಲ್ಲಪ್ಪಾ ಅಂದುಕೊಂಡೆ. ಮುಖ ನೋಡುವ ಧೈರ್ಯವಾಗದೆ ಅಪ್ಪನ ಕಾಲು ನೋಡಿದೆ.

ಬಲಗಾಲು ಏಳುತ್ತಿತ್ತು, ಬೀಳುತ್ತಿತ್ತು. ಚಪ್ಪಾಳೆ, ಶಾಲು, ಫೋಟೋ ಯಾವುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಎಡಗಾಲು ಎದ್ದಿತು. ನಾನು ಬುಟ್ಟಿ ಎತ್ತಿದೆ. ಎರಡೂ ಪಾದ ನೆಲಕ್ಕೆ ಬಿದ್ದವು, ಬುಟ್ಟಿ ಇಳಿಸಿದೆ. ನಾಲ್ವರೂ ಸಮಕ್ಕೆ ಬಂದರು. ಅಧ್ಯಕ್ಷರು ಬೆಚ್ಚಿ ವೇದಿಕೆಯ ಮೇಲೇ ಕೂತರು, ಕೊನೆಯವರೆಗೂ ಅಲ್ಲೇ ಇದ್ದರು. ಒಂದು ಮೋಸಂಬಿ ತಬಲಾದ ಕಡೆ ಉರುಳಿತು. ನನಗೆ ಅಳು ಬಂತು. ಪೇಟ ಹುಬ್ಬಿನ ಕೆಳಗೆ ಇಳಿದಿದ್ದು ಒಳ್ಳೆಯದೇ ಆಯಿತು.

ಬಸ್ ಸ್ಟ್ಯಾಂಡಿನವರೆಗೆ ಅಪ್ಪನ ಜೊತೆ ನಡೆದೆ. ಮುನವಳ್ಳಿ ಬಸ್ಸು ಬಂದಾಗ, "ಏಳನೇ ಮಾತ್ರಿಗೆ ತಪ್ಪಿದಿ," ಅಂದ.

"ಹೌದಪ್ಪಾ."

"ಮುಂದ ಎಲ್ಲೈತಿ?"

"ರಾಮದುರ್ಗದಾಗ."

ಗಂಟನ್ನು ಬಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. "ಅಲ್ಲೂ ಮುಂದಿನ ಸಾಲಿನ್ಯಾಗ ಕುಂದ್ರಸು. ಕಾಲು ಕಾಣಬೇಕಲ್ಲ ನಿನಗ."