ಅಮ್ಮನ ಹುಂಜವನ್ನು ಕೊಂದವನಿಗೆ ಸಿಕ್ಕ ಕರುಣೆ

ಶಿವರಾತ್ರಿಗೆ ಇನ್ನೂ ಒಂದು ವಾರವಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ನನ್ನ ಸ್ವಂತ ಅಕ್ಕನ ಅಂಗಳದಲ್ಲಿ ನಿಂತು ಅವಳ ಹನ್ನೆರಡು ಕೋಳಿಗಳ ಕತ್ತು ತಿರುಚಿದೆ. ಹನ್ನೆರಡನೆಯದು ನಮ್ಮೂರ ಗಡಿ ಮಾರಮ್ಮನಿಗೆ ಹರಕೆ ಬಿಟ್ಟಿದ್ದ ಕೆಂಪು ಹುಂಜ. ಇದನ್ನು ಮುಚ್ಚಿಟ್ಟು ಅಮ್ಮನ ಮಹಿಮೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಮೊದಲು ನನ್ನ ತಪ್ಪನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ತಿಪ್ಪೇಸ್ವಾಮಿ. ಹಿರಿಯೂರು ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ಸೂಜಿ ಹಾಕುವಾಗ ದನ ಹಿಡಿಯುವುದು, ಕರು ಹಾಕಲಾರದೆ ಒದ್ದಾಡುವ ಹಸುವಿನ ಪಕ್ಕ ಕೂರುವುದು ನನ್ನ ಕೆಲಸ. ನಮ್ಮೂರಲ್ಲೇ, ನನ್ನ ಮನೆಯಿಂದ ಎರಡು ಬೀದಿ ಆಚೆ, ಅಕ್ಕ ಬೋರಕ್ಕ ಇದ್ದಾಳೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಂಡನಿಲ್ಲ, ಮಕ್ಕಳಿಲ್ಲ. ಆ ಕೋಳಿಗಳೇ ಅವಳ ಸಂಸಾರ.

ಮೊದಲು ಕೆರೆ ಏರಿಯ ಹುಣಸೆಮರದ ಕೆಳಗೆ ಕಾಗೆಗಳು ಸತ್ತು ಬಿದ್ದವು. ನಾಲ್ಕು ದಿನಕ್ಕೆ ಊರಾಚೆಯ ಕೋಳಿ ಫಾರಂನಲ್ಲಿ ಕೋಳಿಗಳು ಕುಂತಲ್ಲೇ ಕತ್ತು ಚೆಲ್ಲತೊಡಗಿದವು. ಭೋಪಾಲದ ಲ್ಯಾಬಿನಿಂದ ರಿಪೋರ್ಟ್ ಬಂತು: ಹಕ್ಕಿಜ್ವರ. ಫಾರಂ ಸುತ್ತ ಒಂದು ಕಿಲೋಮೀಟರ್ ಒಳಗೆ ಒಂದು ಕೋಳಿಯೂ ಉಳಿಯಬಾರದು ಎಂದು ಆದೇಶವಾಯಿತು.

ಮೈಯೆಲ್ಲ ಮುಚ್ಚುವ ಬಿಳಿ ಕಿಟ್ಟು, ಗಮ್ ಬೂಟು, ಕನ್ನಡಕ ಹಾಕಿಕೊಂಡು ಎರಡು ದಿನ ಫಾರಂನಲ್ಲಿ ಕೊಂದೆವು. ಜೆಸಿಬಿ ತೋಡಿದ ಗುಂಡಿಗೆ ಚೀಲಗಟ್ಟಲೆ ಇಳಿಸಿ ಸುಣ್ಣ ಎರಚಿದೆವು. ಕೆಲವು ಚೀಲಗಳು ಗುಂಡಿಯಲ್ಲೂ ಅಲುಗಾಡುತ್ತಿದ್ದವು. ನಾವು ಕೈ ನಿಲ್ಲಿಸಲಿಲ್ಲ.

ಮೂರನೆಯ ದಿನ ಮನೆಕೋಳಿಗಳ ಸರದಿ. ಅಕ್ಕನ ಮನೆಗೆ ನಾನೇ ಹೋದೆ. ಕಿಟ್ಟಿನೊಳಗಿದ್ದ ನನ್ನನ್ನು ಅವಳು ದನಿಯಿಂದ ಗುರುತಿಸಿದಳು.

"ತಿಪ್ಪಾ, ನೀನೇನೋ? ನನ್ನ ಕೋಳಿಗೆ ಏನೂ ಆಗಿಲ್ಲ ನೋಡೋ. ಕಾಳು ತಿಂತಾ ಅವೆ."

"ಒಂದು ಕಿಲೋಮೀಟರ್ ಒಳಗೈತಕ್ಕ ನಿನ್ನ ಮನೆ. ಬಿಡಂಗಿಲ್ಲ."

"ಆ ಹುಂಜ ಮಾತ್ರ ಮುಟ್ಟಬ್ಯಾಡ. ಕಾಲಾಗಿನ ಅರಿಶಿನದ ದಾರ ಕಾಣ್ತಿಲ್ವೇನೋ? ಅಮ್ಮಂದು ಅದು."

ಅವುಗಳಿಗೆ ರೋಗವಿತ್ತೋ ಇಲ್ಲವೋ, ಯಾರೂ ಪರೀಕ್ಷೆ ಮಾಡಲಿಲ್ಲ. ಅಕ್ಕ "ಬಾ ಬಾ ಬಾ" ಎಂದು ಕರೆದರೆ ಓಡಿ ಬರುವ ಕೋಳಿಗಳು ಅವು. ನಾನೂ ಅವಳ ಹಾಗೆಯೇ ಕರೆದೆ. ಬಂದವು. ಹುಂಜ ಬಲವಾಗಿತ್ತು. ಬೆವರಿಗೆ ಕನ್ನಡಕ ಮಸುಕಾಗಿದ್ದರಿಂದ ಕಿತ್ತಿಟ್ಟು ಹಿಡಿದೆ. ಎರಡು ಸಲ ತಿರುಚಬೇಕಾಯಿತು.

ಅಕ್ಕ ಅಳಲಿಲ್ಲ. "ಆ ಕೈ ಸೇದಿಹೋಗ್ಲಿ" ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದಾದ ಐದನೆಯ ದಿನ ನನಗೆ ಜ್ವರ ಬಂತು. ಏಳನೆಯ ದಿನಕ್ಕೆ ಉಸಿರು ಎಳೆಯಲಾಗಲಿಲ್ಲ. ಆಂಬುಲೆನ್ಸಿನಲ್ಲಿ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಸಾಗಿಸಿ, ಒಂದು ಕೋಣೆಯಲ್ಲಿ ಒಬ್ಬನನ್ನೇ ಮಲಗಿಸಿ ಆಕ್ಸಿಜನ್ ಹಾಕಿದರು. ಗಂಟಲ ದ್ರವವನ್ನು ಲ್ಯಾಬಿಗೆ ಕಳಿಸಿದರು. ಹೆಂಡತಿ ಶಾಂತಮ್ಮನಿಗೆ ಊರು ಬಿಟ್ಟು ಬರಬಾರದೆಂದು ಹೇಳಿದ್ದರು. ಎರಡನೆಯ ದಿನ ಅವಳ ಫೋನ್ ಬಂತು.

"ನಲ್ಲೀತಾವ ಕೊಡ ಇಡಾಕೆ ಬಿಡ್ತಿಲ್ರೀ. ಅಮ್ಮನ ಕೋಳಿ ಕೊಂದ ಮನೇರು ಅಂತ ಕೊಡಾನ ಕಾಲಾಗೆ ಒದ್ರು. ಬಾಗಿಲಿಗೆ ಜಾಲಿಮುಳ್ಳು ಹಾಕ್ಯಾರೆ. ಮನ್ಯಾಗೆ ಒಂದು ಚೆಂಬು ನೀರೈತೆ ಅಷ್ಟೆ. ನಂಗೂ ಮೈ ಸುಡ್ತೈತೆ."

ಅಷ್ಟರಲ್ಲಿ ಫೋನ್ ನಿಂತಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಊರಿನ ನಾಲ್ಕು ಮಂದಿಗೆ ಫೋನ್ ಮಾಡಿದೆ. ನನ್ನ ಕೈಯಿಂದ ಅವರವರ ಎಮ್ಮೆಗಳನ್ನು ಉಳಿಸಿಕೊಂಡವರು. ಇಬ್ಬರು ಎತ್ತಲಿಲ್ಲ, ಒಬ್ಬ "ನೋಡಾಣ" ಎಂದ, ಮತ್ತೊಬ್ಬ ನಕ್ಕು, "ಅಮ್ಮನ್ನೇ ಕೇಳು ಹೋಗು" ಎಂದ.

ಅಕ್ಕನನ್ನು ಕೇಳುವ ಮುಖ ನನಗಿರಲಿಲ್ಲ. ಬೇರೆ ಯಾರೂ ಇರಲಿಲ್ಲ. ಅಮ್ಮನನ್ನೇ ಕೇಳಿದೆ. "ತಾಯಿ, ನಿನ್ನ ಹುಂಜ ಕೊಂದವನು ನಾನು. ನನ್ನ ಉಸಿರು ಬೇಕಿದ್ದರೆ ತೆಗೆದುಕೋ. ಶಾಂತಳಿಗೆ ಒಂದು ಕೊಡ ನೀರು ಕೊಡು." ಅಂದು ಸೋಮವಾರ. ಸಂಜೆಯವರೆಗೆ ಇದೊಂದೇ ಮಾತು ಹೇಳುತ್ತಿದ್ದೆ. ಮಂಗಳವಾರವೂ ಫೋನಿಲ್ಲ. ಅವಳು ಸತ್ತಿದ್ದಾಳೆ ಎಂದೇ ನಂಬಿದೆ. ಮೂಗಿನ ನಳಿಕೆ ಕಿತ್ತುಹಾಕಲು ಹೋಗಿ ನರ್ಸಮ್ಮನಿಂದ ಬೈಸಿಕೊಂಡೆ.

ಬುಧವಾರ ಮಧ್ಯಾಹ್ನ ಹೊರಗೆ ಜೋರು ದನಿ ಕೇಳಿತು. "ಅವನ ಅಕ್ಕ ನಾನು. ಮುಖ ನೋಡ್ಕಂಡು ಹೋಗ್ತೀನಿ, ಬಿಡ್ರಮ್ಮ." ಮಾಸ್ಕು ತೊಟ್ಟ ಬೋರಕ್ಕ ಬಾಗಿಲಲ್ಲಿ ನಿಂತಿದ್ದಳು.

"ನಿನ್ನ ಹೆಂಡ್ತಿ ಕೆಳಗಿನ ವಾರ್ಡಾಗವ್ಳೆ. ಗ್ಲೂಕೋಸ್ ಹಾಕ್ಯಾರೆ. ಬದುಕ್ತಾಳೆ, ಹೆದರಬ್ಯಾಡ."

"ನೀರು ಕೊಟ್ಟೋರು ಯಾರಕ್ಕಾ?"

"ನಾನೇ. ಸೋಮವಾರ ಸಂಜೆ ಕೋಳಿಗೆ ಇಡಾಕೆ ಅಂತ ನೀರು ಮೊಗಕಂಡಿದ್ದೆ. ಗೂಡಿನತಾವ ಹೋದ್ಮ್ಯಾಲೆ ನೆಪ್ಪಾತು, ಒಂದೂ ಇಲ್ಲ ಅಂತ. ಚೆಲ್ಲಾಕೆ ಮನಸ್ಸು ಬರ್ಲಿಲ್ಲ ಕಣೋ. ಕೈಯಾಗೆ ಹಿಡ್ಕಂಡು ನಡ್ದೆ. ಯಾಕೋ ಕಾಲು ನಿನ್ನ ಮನೆಕಡೆ ಹೋತು. ಮುಳ್ಳು ಕಿತ್ತಾಕಿ ಒಳಗ್ಹೋದ್ರೆ ಅವಳು ನೆಲದ ಮ್ಯಾಲೆ ಬಿದ್ದಿದ್ಲು."

ಎರಡು ದಿನ ಶಾಂತಳಿಗೆ ಗಂಜಿ ಕಾಯಿಸಿ ಕೊಟ್ಟು, ಜ್ವರ ಇಳಿಯದ್ದಕ್ಕೆ ಆಟೋ ಹತ್ತಿಸಿಕೊಂಡು ಬಂದಿದ್ದಳು. ನಾನು ಅತ್ತೆ. ಹುಂಜದ ಮಾತೆತ್ತಿ ಕ್ಷಮಿಸು ಎಂದೆ.

"ಅದನ್ನ ಬಿಟ್ಟಿದ್ದು ನಿನ್ನ ಹೆಸರಿಗೇ. ಫಾರಂ ಕೆಲಸಕ್ಕೆ ನಿನ್ನ ಕರ್ಸಿದ್ರಲ್ಲ, ಅವತ್ತು ದಾರ ಕಟ್ಟಿದ್ದೆ, ನನ್ನ ತಮ್ಮನ್ನ ಉಳಿಸವ್ವ ಅಂತ. ಅಮ್ಮ ತಗಂಡ್ಲು ಬಿಡು. ಯಾರ ಕೈಲಿ ತಗಂಡ್ರೇನು." ಹೊರಡಲು ತಿರುಗಿ, "ಉಳಿದ ಹನ್ನೊಂದು ನನ್ನವು. ಅವಕ್ಕೆ ನಾನು ನಿನ್ನ ಕ್ಷಮಿಸಾದಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ನನ್ನ ಜ್ವರ ಬಿಟ್ಟಿತು. ನಮ್ಮಿಬ್ಬರಿಗೂ ಹಕ್ಕಿಜ್ವರವಿಲ್ಲ, ನನ್ನದು ನ್ಯುಮೋನಿಯಾ ಎಂದು ರಿಪೋರ್ಟ್ ಬಂತು. ಔಷಧಿ ಕೆಲಸ ಮಾಡಿತು ಎಂದರು ಡಾಕ್ಟರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಶಪಿಸಿದವಳ ಕಾಲನ್ನು ಆ ಸಂಜೆ ನನ್ನ ಮನೆಕಡೆ ತಿರುಗಿಸಿದವರು ಯಾರು ಎಂಬುದು ನನಗೆ ಗೊತ್ತು.

ಊರು ಈಗಲೂ ಶಾಂತಳ ಕೊಡವನ್ನು ಸಾಲಿನ ಕೊನೆಗೇ ಇಡಿಸುತ್ತದೆ. ಅಕ್ಕ ಬೇರೆ ಕೋಳಿಮರಿಗಳನ್ನು ತರಲಿಲ್ಲ, ನಮ್ಮ ಮನೆಯಲ್ಲಿ ಇನ್ನೂ ಊಟಕ್ಕೆ ಕೂತಿಲ್ಲ. ನಾನು ಒತ್ತಾಯ ಮಾಡುವುದಿಲ್ಲ.

ಬಿಡುಗಡೆಯಾದ ದಿನ ಬಸ್ಸಿಳಿದು ಮೂವರೂ ನೇರವಾಗಿ ಗುಡಿಗೆ ಹೋಗಿದ್ದೆವು. ಪೂಜಾರಿ ಕೈ ಅಡ್ಡ ಹಿಡಿದರು. "ಮೆಟ್ಲು ಹತ್ತಬ್ಯಾಡ್ರಿ. ಊರೋರು ಒಪ್ಪಲ್ಲ." ಅಕ್ಕ ಜಗಳಕ್ಕೆ ನಿಂತಳು, ನಾನೇ ಬೇಡವೆಂದೆ. ಬಿಸಿಲಿಗೆ ಕಾದ ಮಣ್ಣಿನ ಮೇಲೆ ಅಡ್ಡಬಿದ್ದು ತಲೆಯೆತ್ತಿದೆ. ಅಲ್ಲಿಂದ ಅಮ್ಮನ ಮುಖ ಪೂರ್ತಿಯಾಗಿ ಕಾಣುತ್ತಿತ್ತು. ಇದನ್ನು ಓದುವ ಭಕ್ತರೇ, ನಿಮ್ಮನ್ನೂ ಯಾರಾದರೂ ಕೆಳಗೇ ನಿಲ್ಲಿಸಿದರೆ, ನಿಂತಲ್ಲಿಂದಲೇ ಕೈ ಮುಗಿಯಿರಿ. ಅವಳು ನೋಡುತ್ತಿರುತ್ತಾಳೆ.