ಅಮಾವಾಸ್ಯೆಯ ದಿನ ಅವ್ವ ನೆಯ್ದಳು

ಇವತ್ತು ಫೋನಿನಲ್ಲಿ ರುಕ್ಕಕ್ಕನನ್ನು ನೋಡಿದೆ. ಯಾವುದೋ ದೂರದೇಶದ ದೊಡ್ಡ ಸಭೆಯಲ್ಲಿ ಖಂಜಿರ ಬಾರಿಸುತ್ತಿದ್ದಳು.

ನಮ್ಮ ನೇಕಾರರ ಊರು ಸಿರುಮುಗೈಯಲ್ಲಿ ಅವಳದು ನಮ್ಮ ಪಕ್ಕದ ಮನೆ. ಖಂಜಿರದ ಸದ್ದು ಕೇಳಿದರೆ ಅವಳ ಕುಡುಕ ಅಪ್ಪ ಹೊಡೆಯುತ್ತಿದ್ದ. ಅದಕ್ಕೇ ಅವಳು ನಮ್ಮ ಮನೆಯಲ್ಲಿ, ಅವ್ವನ ಮಗ್ಗದ ಸದ್ದಿನ ಮರೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು.

ಅಮಾವಾಸ್ಯೆಯಂದು ನಮ್ಮವರು ಯಾರೂ ಮಗ್ಗ ಮುಟ್ಟುವುದಿಲ್ಲ. ರುಕ್ಕಕ್ಕನ ಮೊದಲ ಸಂಗೀತ ಕಚೇರಿಯ ಹಿಂದಿನ ದಿನವೇ ಅಮಾವಾಸ್ಯೆ ಬಂತು. ಬೀದಿಯೆಲ್ಲ ನಿಶ್ಶಬ್ದ. ಅವ್ವ ಕುಲದೇವತೆ ಚೌಡಮ್ಮನಿಗೆ ಕೈಮುಗಿದು ಮಗ್ಗದ ಗುಂಡಿಗೆ ಇಳಿದು ನೇಯತೊಡಗಿದಳು.

ಎದುರುಮನೆ ಅತ್ತೆ ಬಾಗಿಲಿಗೇ ಬಂದು ಬೈದಳು. "ಏನಡೀ, ಒಂದಿನ ನಿಲ್ಸಿದ್ರೆ ಸೀರೆ ಎದ್ದು ಓಡೋಗುತ್ತಾ?"

"ತಪ್ಪಾಯ್ತು ಅತ್ತೆ, ಅವಸರ" ಎಂದ ಅವ್ವ, ಅತ್ತೆ ಹೋದ ಮೇಲೆ ಒಳಕೋಣೆಯಲ್ಲಿದ್ದ ರುಕ್ಕಕ್ಕನತ್ತ ತಿರುಗಿ, "ನೀ ಬಾರ್ಸು, ಪಾಪಾ" ಎಂದಳು.

ಅಂಥ ಅವ್ವ ಸಿಕ್ಕಿದ್ದು ನನ್ನ ಪುಣ್ಯ. ಅವಳಿಗೂ ಫೋನು ತೋರಿಸಿದೆ. ಕಣ್ಣೊರೆಸಿಕೊಂಡು ನಕ್ಕಳು.

"ಎಷ್ಟು ಜೋರಾಗಿ ಬಾರಿಸ್ತಾಳೆ ನೋಡು!"